ಹಾಸಿಗೆ ಇದ್ದಷ್ಟು

ದುಬೈ
14 ಜನವರಿ 2024, ಭಾನುವಾರ

ಅಮ್ಮ, ಅಪ್ಪಯ್ಯ, ಇಬ್ಬರಿಗೂ ನಮಸ್ಕಾರ. ಅಮ್ಮಮ್ಮನಿಗೂ ಹೇಳಿ. ಇದನ್ನು ಅವರ ಕಿವಿಗೆ ಬೀಳುವ ಹಾಗೆ ಗಟ್ಟಿಯಾಗಿ ಓದಿ, ಇಲ್ಲದಿದ್ದರೆ ಮತ್ತೆ ನನ್ನನ್ನೇ ಕೇಳುತ್ತಾರೆ.

ಫೋನಿರುವಾಗ ಕಾಗದ ಎಂತಕ್ಕೆ ಎನ್ನಬೇಡಿ. ಫೋನಿನಲ್ಲಿ ಅಮ್ಮ "ಊಟ ಆಯ್ತಾ, ಎಂತ ಪದಾರ್ಥ" ಎನ್ನುವಷ್ಟರಲ್ಲಿ ನನಗೆ ಡ್ಯೂಟಿಗೆ ಹೊತ್ತಾಗಿರುತ್ತದೆ. ನಮ್ಮ ರೂಮಿನ ಬೈಂದೂರಿನ ಹುಡುಗಿ ಬುಧವಾರ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಮೊದಲು ಆ ಫೋಟೋದ ವಿಷಯ. ನಾನು ಸ್ಟೇಟಸ್‌ಗೆ ಹಾಕಿದ್ದು ವಿಮಾನದ ಒಂದೇ ಫೋಟೋ, ಅದನ್ನೂ ಅರ್ಧ ದಿನಕ್ಕೇ ತೆಗೆದೆ. ಅಷ್ಟರಲ್ಲಿ ಚಿಕ್ಕಮ್ಮ ನೋಡಿ, ಸೊಸೈಟಿ ಸಾಲ ಇನ್ನೂ ತೀರಿಲ್ಲ, ಮಗಳು ಫಸ್ಟ್ ಕ್ಲಾಸಿನಲ್ಲಿ ಅಮೆರಿಕಕ್ಕೆ ಹಾರುತ್ತಾಳೆ ಎಂದು ಊರಿಡೀ ಹೇಳಿದರಂತೆ. ಅಮ್ಮ ನನ್ನನ್ನು ಕೇಳಿದ್ದೂ ಅದನ್ನೇ, "ಎಂತಕ್ ಹೆಣ್ಣೆ ಇಷ್ಟ್ ಖರ್ಚ್?" ಅಪ್ಪಯ್ಯ, ನೀವಂತೂ ಎರಡು ದಿನ ಫೋನಿಗೇ ಬರಲಿಲ್ಲ. ನೀವು ಸುಮ್ಮನಿದ್ದರೆ ಅದೇ ಬೈಗುಳ ಅಂತ ನನಗೆ ಗೊತ್ತಿಲ್ಲವಾ? ಆ ಟಿಕೆಟ್ಟಿಗೆ ನನ್ನ ಒಂದು ದಿರ್ಹಮ್ ಹೋಗಿಲ್ಲ. ನಾನು ಹೋದದ್ದು ಕೆಲಸಕ್ಕೆ.

ನಾನು ನೋಡಿಕೊಳ್ಳುವ ಸಿಂಧಿ ಅಜ್ಜಿಯ ವಿಷಯ ಹೇಳಿದ್ದೆನಲ್ಲ. ಎಂಬತ್ತನಾಲ್ಕು ವರ್ಷ. ನಾನು ಅವರನ್ನು ದಾದಿ ಎಂದು ಕರೆಯುತ್ತೇನೆ. ಅವರ ಮಾತಿನಲ್ಲಿ ದಾದಿ ಎಂದರೆ ಅಜ್ಜಿ, ನಮ್ಮ ಮಾತಿನಲ್ಲಿ ದಾದಿ ಎಂದರೆ ನಾನು. ಹಾಗಾಗಿ ಮನೆಯಲ್ಲಿ ನಾವಿಬ್ಬರು ದಾದಿಯರು. ಆಗಸ್ಟಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು, ಆಪರೇಷನ್ ಆಯಿತು. ಮಗ ಇರುವುದು ಲಾಸ್ ಏಂಜಲೀಸಿನಲ್ಲಿ, ಇನ್ನು ಮುಂದೆ ನನ್ನ ಹತ್ತಿರವೇ ಇರಲಿ ಎಂದ. ದುಬೈಯಿಂದ ಅಲ್ಲಿಗೆ 13,400 ಕಿಲೋಮೀಟರ್, ಎಲ್ಲೂ ಇಳಿಯದೆ ಹದಿನಾರು ಗಂಟೆ. ಆ ವಯಸ್ಸಿನವರು, ಅದೂ ಸೊಂಟಕ್ಕೆ ಕಬ್ಬಿಣ ಹಾಕಿಸಿಕೊಂಡವರು, ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟಬಹುದು. ಆ ಗಟ್ಟಿ ಮೇಲೆ ಹೋಗಿ ಶ್ವಾಸಕೋಶಕ್ಕೆ ಸಿಕ್ಕಿದರೆ ಮುಗಿಯಿತು. ಮಲಗಿಸಿಯೇ ಕರೆದೊಯ್ಯಬೇಕು, ಜೊತೆಗೆ ನರ್ಸ್ ಇರಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಮಗ ಅಕ್ಕಪಕ್ಕದ ಎರಡು ಸೀಟು ತೆಗೆದ. ಎಷ್ಟು ಎಂದು ಕೇಳಬೇಡಿ. ಅಪ್ಪಯ್ಯನ ಬಿಪಿ ಮಾತ್ರೆ ಈಚೆಗಷ್ಟೇ ಕಡಿಮೆ ಮಾಡಿದ್ದಾರೆ.

ಹೊರಟದ್ದು ಡಿಸೆಂಬರ್ ಎರಡನೇ ವಾರ. ಎಮಿರೇಟ್ಸ್‌ನ ಎರಡು ಅಂತಸ್ತಿನ ವಿಮಾನ, ಏರ್‌ಬಸ್ 380. ಮನೆ ಬಾಗಿಲಿಗೇ ಕಂಪನಿಯ ಕಾರು ಬಂತು. ನಾವು ಕೂತು ಕಾಯುವ ದೊಡ್ಡ ಹಾಲಿನಿಂದಲೇ ನೇರ ಮೇಲಿನ ಅಂತಸ್ತಿಗೆ ಗಾಲಿಕುರ್ಚಿ ತಳ್ಳಿಕೊಂಡು ಹೋಗುವ ದಾರಿ. ಕ್ಯೂ ಇಲ್ಲ, "ಮುಂದೆ ಹೋಗಿ ಮುಂದೆ ಹೋಗಿ" ಎನ್ನುವವರಿಲ್ಲ. ಕೆಳಗಿನ ಅಂತಸ್ತಿಗೆ ನಾನೂರರಷ್ಟು ಜನ ಹತ್ತುತ್ತಿದ್ದರಲ್ಲ, ಅವರಲ್ಲಿ ಒಬ್ಬರ ಮುಖವೂ ನನಗೆ ಕಾಣಲಿಲ್ಲ. ಬಜ್ಪೆಯಿಂದ ನಾನು ಮೊದಲ ಸಲ ಹೊರಟ ದಿನ ನೆನಪಾಯಿತು. ಕೈಯಲ್ಲಿ ಉಪ್ಪಿನಕಾಯಿ ಭರಣಿ, ಅದನ್ನು ಚೆಕಿಂಗ್‌ನಲ್ಲಿ ತೆಗೆದಿಟ್ಟುಕೊಂಡದ್ದು, ನಾನು ಅತ್ತದ್ದು.

ಅಪ್ಪಯ್ಯ, ಇದು ನಿಮಗೆ. ಪೂರ್ತಿ ತುಂಬಿದರೆ ಆ ವಿಮಾನ 575 ಟನ್ ತೂಗುತ್ತದಂತೆ. ಬಾಳೆಬರೆ ಘಾಟಿಯಲ್ಲಿ ನೀವು ಜನ ತುಂಬಿಸಿ ಹತ್ತಿಸುತ್ತಿದ್ದ ಬಸ್ಸು ಹದಿನಾರು ಟನ್ ಎಂದೇ ಹಿಡಿಯಿರಿ, ಅಂಥ ಮೂವತ್ತಾರು ಬಸ್ಸನ್ನು ಒಟ್ಟಿಗೆ ಕಟ್ಟಿ ಆಕಾಶಕ್ಕೆ ಎತ್ತಿದ ಹಾಗೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ 80 ಮೀಟರ್. ಈಗ ಇದನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ. ಒಟ್ಟು 251 ಮಾಡಿ ಮಾರಿದರು, ಕೊನೆಯದು 2021ರಲ್ಲಿ ಬಂತು, ಅದೂ ಇದೇ ಕಂಪನಿಗೆ. ಎಣ್ಣೆ ಕುಡಿಯುವುದು ಜಾಸ್ತಿ, ನಾಲ್ಕು ಎಂಜಿನ್ನು. ನಿಮ್ಮ ಹಳೇ ಬಸ್ಸಿನ ಕತೆಯೇ. ಏಳುವಾಗ ಮಾತ್ರ ಶಬ್ದವೇ ಇಲ್ಲ, ನೆಲ ಬಿಟ್ಟದ್ದು ದಾದಿಗೆ ಗೊತ್ತೇ ಆಗಲಿಲ್ಲ. "ಯಾವಾಗ ಹೊರಡುತ್ತದೆ" ಎಂದು ಕೇಳಿದಾಗ ನಾವು ಸಮುದ್ರದ ಮೇಲಿದ್ದೆವು.

ಫಸ್ಟ್ ಕ್ಲಾಸ್ ಎಂದರೆ ಅಲ್ಲಿ ಹದಿನಾಲ್ಕೇ ಸೀಟು. ಸೀಟೆಂದರೆ ಸೀಟಲ್ಲ, ಒಂದೊಂದು ಸಣ್ಣ ಕೋಣೆ, ಅದಕ್ಕೆ ಗುಂಡಿ ಒತ್ತಿದರೆ ಸರಿದು ಮುಚ್ಚುವ ಬಾಗಿಲು. ಕನ್ನಡಿ, ಮೇಜು, ಪಕ್ಕದಲ್ಲಿ ಜ್ಯೂಸಿನ ಪುಟ್ಟ ಕಪಾಟು. ನಮ್ಮದು ನಡುವಿನ ಜೋಡಿ, ಮಧ್ಯದ ಅಡ್ಡಗೋಡೆ ಇಳಿಸಿದರೆ ದಾದಿಯ ಕೈ ನನ್ನ ಕೈಗೆ ಸಿಗುತ್ತಿತ್ತು. ಕೂತ ಕೂಡಲೇ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಖರ್ಜೂರ. ಗಗನಸಖಿ ಮಂಡಿಯೂರಿ ಕೂತು ನನ್ನ ಹೆಸರು ಹಿಡಿದು "ಮೇಡಂ" ಎಂದಳು. ಅಮ್ಮಾ, ಅದೊಂದು ನನಗೆ ಆಗಲಿಲ್ಲ. ಒಂಬತ್ತು ವರ್ಷದಿಂದ ಬೇರೆಯವರ ಮಂಚದ ಪಕ್ಕ ಮಂಡಿಯೂರುತ್ತಿರುವವಳು ನಾನು. ಅವಳು ಕೋಟ್ಟಯಂ ಕಡೆಯವಳು. ಆಮೇಲೆ ನಾನು ನರ್ಸ್ ಎಂದು ಗೊತ್ತಾದಾಗ ಇಬ್ಬರಿಗೂ ನಿರಾಳವಾಯಿತು. ತನ್ನ ಅಕ್ಕನೂ ನರ್ಸಂತೆ, ಕುವೈತಿನಲ್ಲಿ.

ನನ್ನ ಕೆಲಸ ಅಲ್ಲಿಯೂ ಬಿಡಲಿಲ್ಲ. ದಾದಿಗೆ ಬಿಗಿ ಕಾಲುಚೀಲ ತೊಡಿಸಿ, ಹೊಟ್ಟೆಗೆ ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟಾಗಿತ್ತು. ಎರಡೆರಡು ಗಂಟೆಗೆ ಅಲಾರಂ. ಎಬ್ಬಿಸಿ ಪಾದ ಮೇಲೆ ಕೆಳಗೆ ಆಡಿಸಬೇಕು, ನೀರು ಕುಡಿಸಬೇಕು. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಿದ್ದೆ. ನೆಲದ ಮೇಲೆ 97 ಇದ್ದದ್ದು ಮೇಲೆ ಹೋದ ಮೇಲೆ 93ಕ್ಕೆ ಇಳಿಯಿತು. ಗಾಬರಿ ಏನಿಲ್ಲ, ಎಲ್ಲರಿಗೂ ಇಳಿಯುತ್ತದೆ. ಹೊರಗೆ ನಲವತ್ತು ಸಾವಿರ ಅಡಿ ಎತ್ತರವಾದರೂ ಒಳಗಿನ ಗಾಳಿಯನ್ನು ಒತ್ತಿ ಒತ್ತಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತರೆ ಎಷ್ಟಿರುತ್ತದೋ ಅಷ್ಟಕ್ಕೆ ಇಟ್ಟಿರುತ್ತಾರೆ. ಮೇಲಿನವರಿಗೂ ಕೆಳಗಿನವರಿಗೂ ಅದೇ ಗಾಳಿ. ಅದೊಂದಕ್ಕೆ ಮಾತ್ರ ಕ್ಲಾಸ್ ಇಲ್ಲ.

ಊಟದ ವಿಷಯ ಅಮ್ಮಮ್ಮ ಕೇಳಿಯೇ ಕೇಳುತ್ತಾರೆ. ಕ್ಯಾವಿಯಾರ್ ಎಂದು ಕೊಟ್ಟರು, ಮುತ್ತಿನ ಚಿಪ್ಪಿನಿಂದ ಮಾಡಿದ ಚಮಚದಲ್ಲಿ. ಕಪ್ಪು ಸಾಸಿವೆ ಹಾಗೆ ಕಂಡಿತು. ನೋಡಿದರೆ ಎಂತದು, ಮೀನಿನ ತತ್ತಿ! ಅಮ್ಮ ಬಂಗುಡೆ ಹೊಟ್ಟೆ ಸೀಳುವಾಗ ತೆಗೆದಿಟ್ಟು, ಮೆಣಸು ಅರೆದು ಕಾವಲಿ ಮೇಲೆ ಹುರಿಯುತ್ತಿದ್ದಳಲ್ಲ, ನಾನು ತಂಗಿ ಜಗಳ ಆಡುತ್ತಿದ್ದುದು ಅದಕ್ಕೇ. ಇಲ್ಲಿ ಅದನ್ನು ಹಸಿಯಾಗಿ, ತಣ್ಣಗೆ, ಉಪ್ಪು ಹಾಕಿ ತಿನ್ನುತ್ತಾರೆ. ಅಷ್ಟು ಎತ್ತರದ ಒಣ ಗಾಳಿಗೆ ನಾಲಿಗೆಗೆ ಉಪ್ಪು, ಸಿಹಿ ಎರಡೂ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ರುಚಿ ಕೆಟ್ಟದೆಂದು ಹೇಳಲೂ ಆಗದು. ದಾದಿ ಅದನ್ನು ದೂರ ತಳ್ಳಿ ದಾಲ್ ಅನ್ನ ತರಿಸಿಕೊಂಡರು. ಷಾಂಪೇನ್ ಮುಟ್ಟಿಲ್ಲ, ಡ್ಯೂಟಿಯಲ್ಲಿದ್ದೆ. ಚಿಕ್ಕಮ್ಮನಿಗೆ ಇದನ್ನೂ ಹೇಳಿ.

ಒಂದು ವಿಚಿತ್ರ ಹೇಳಲೇಬೇಕು. ನಾವು ಹೊರಟದ್ದು ಬೆಳಿಗ್ಗೆ ಎಂಟೂವರೆ ಸುಮಾರಿಗೆ. ವಿಮಾನ ಪಶ್ಚಿಮಕ್ಕಲ್ಲ, ನೇರ ಉತ್ತರಕ್ಕೆ ಹೋಯಿತು. ಭೂಮಿ ಉರುಟಲ್ಲವಾ, ಧ್ರುವದ ಹತ್ತಿರದಿಂದ ಹಾದರೆ ದಾರಿ ಕಡಿಮೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯನೇ ಹುಟ್ಟುವುದಿಲ್ಲ. ನನ್ನ ಗಡಿಯಾರದಲ್ಲಿ ಮಧ್ಯಾಹ್ನ ಆಗಿರುವಾಗ ಕಿಟಕಿಯ ಹೊರಗೆ ಕತ್ತಲು ಕವಿಯಿತು. ಕೆಲವು ಗಂಟೆ ಕಳೆದು ಕೆನಡಾದ ಮೇಲೆ ಬಂದಾಗ ಮತ್ತೆ ಬೆಳಗಾಯಿತು. ಇಳಿದಾಗ ಅಲ್ಲಿ ಅದೇ ದಿನದ ಮಧ್ಯಾಹ್ನ. ಹದಿನಾರು ಗಂಟೆ ಕಳೆದಿದ್ದೆವು, ಅವರ ಗಡಿಯಾರದಲ್ಲಿ ನಾಲ್ಕೇ ಗಂಟೆ ಆಗಿತ್ತು. ದಾದಿ ತನ್ನ ಸಂಜೆಯ ಜಪ ಯಾವಾಗ ಮಾಡಬೇಕು ಎಂದು ನನ್ನನ್ನು ಕೇಳಿದರು. ನಾನೇನು ಹೇಳಲಿ? ಕತ್ತಲಾದಾಗ ಒಂದು ಸಲ ಮಾಡಿಸಿದೆ.

ಇನ್ನು ಸ್ನಾನ. ಹೌದು, ವಿಮಾನದೊಳಗೆ ಸ್ನಾನ. ಇದನ್ನು ಸುಳ್ಳು ಎಂದು ಅಮ್ಮಮ್ಮ ನಗುತ್ತಾರೆ, ನನಗೆ ಗೊತ್ತು. ಹದಿನಾಲ್ಕು ಜನಕ್ಕೆ ಎರಡು ಬಚ್ಚಲು. ಮೊದಲೇ ಹೊತ್ತು ಹೇಳಿಟ್ಟರೆ ತೊಳೆದು ಒರೆಸಿ ಕರೆಯುತ್ತಾರೆ. ಕಾಲಿಟ್ಟರೆ ನೆಲವೂ ಬೆಚ್ಚಗಿತ್ತು. ಒಬ್ಬರಿಗೆ ಐದು ನಿಮಿಷದ ಬಿಸಿನೀರು, ಎಷ್ಟು ಉಳಿಯಿತೆಂದು ತೋರಿಸುವ ಒಂದು ದೀಪದ ಪಟ್ಟಿ. ಐದೇ ನಿಮಿಷ ಸಾಕಾ ಎಂದು ಕೋಟ್ಟಯಂ ಹುಡುಗಿಯನ್ನು ಕೇಳಿದೆ, ಕೆಲವರಿಗೆ ಮೈಯೆಲ್ಲ ಸೋಪಿರುವಾಗಲೇ ನೀರು ನಿಲ್ಲುತ್ತದೆ ಎಂದು ನಕ್ಕಳು. ನಾನು ಮೈ ಒದ್ದೆ ಮಾಡಿ ನೀರು ನಿಲ್ಲಿಸಿದೆ, ಸೋಪು ಹಚ್ಚಿದೆ, ಮತ್ತೆ ಬಿಟ್ಟೆ. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ, "ಹಂಡೆಯಲ್ಲಿ ಇನ್ನಿಬ್ಬರಿಗೆ ಬೇಕು" ಎಂದು ನೀನು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದೆಯಲ್ಲಮ್ಮ, ಅದೇ ಅಭ್ಯಾಸ. ಹೊರಬರುವಾಗ ಸುಮಾರು ಅರ್ಧ ನೀರು ಉಳಿದಿತ್ತು. ಉಳಿಸಿದ್ದು ಯಾರಿಗೆ ಅಂತ ನನಗೇ ನಗು ಬಂತು.

ಆದರೆ ನಾನು ನಿಜವಾಗಿ ಬರೆಯಬೇಕೆಂದು ಕೂತದ್ದು ಸ್ನಾನವನ್ನಲ್ಲ, ತತ್ತಿಯನ್ನೂ ಅಲ್ಲ. ಆ ಹಾಸಿಗೆಯನ್ನು. ಊಟವಾದ ಮೇಲೆ ಹುಡುಗಿ ಬಂದು ಸೀಟನ್ನು ಪೂರ್ತಿ ಬಿಡಿಸಿ, ಮೇಲೆ ದಪ್ಪ ಹಾಸು ಹಾಸಿ, ಹೊದಿಕೆ ಮಡಿಸಿಟ್ಟು ಹೋದಳು. ದಾದಿಯನ್ನು ಮಲಗಿಸಿದೆ. ನಾನು ಕೂತೇ ಇದ್ದೆ. ದಾದಿಯೇ ಕಣ್ಣು ಮುಚ್ಚಿಕೊಂಡು, "ನೀನೂ ಮಲಗು ಮಗಳೇ, ನಿನ್ನದಕ್ಕೂ ದುಡ್ಡು ಕೊಟ್ಟಿದ್ದಾರೆ" ಎಂದರು. ಮಲಗಿದೆ. ಕಾಲು ಚಾಚಿದೆ. ಬೆರಳ ತುದಿಗೆ ಏನೂ ತಾಗಲಿಲ್ಲ. ರೋಗಿಗಳನ್ನು ಎತ್ತಿ ಎತ್ತಿ ಹಿಡಿದುಹೋಗಿದ್ದ ಬೆನ್ನು ಒಂದೊಂದೇ ಗೆಣ್ಣು ಬಿಟ್ಟ ಹಾಗಾಯಿತು. ಡ್ಯೂಟಿಯ ಹೊತ್ತಿನಲ್ಲಿ ನಾನು ಅಡ್ಡ ಬಿದ್ದದ್ದು ಅದೇ ಮೊದಲು.

ದುಡ್ಡಿದ್ದವರಿಗೆ ನಿದ್ದೆ ಇಲ್ಲ ಎಂದು ನೀನು ಯಾವಾಗಲೂ ಹೇಳುತ್ತಿದ್ದೆ ಅಮ್ಮ. ಸುಳ್ಳು. ಹದಿನಾಲ್ಕು ಕೋಣೆಯಲ್ಲೂ ಗೊರಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದೂ ಹೇಳುತ್ತಿದ್ದೆ. ನಾವು ಚಾಚಿದ್ದು ಹಾಗೆಯೇ, ಮಡಿಸಿ ಮಡಿಸಿ ಇಟ್ಟು. ಆ ಗಾದೆ ಕಟ್ಟಿದವರ ಹಾಸಿಗೆ ಎಷ್ಟು ಉದ್ದ ಇತ್ತೋ, ಅವರನ್ನೇ ಕೇಳಬೇಕು.

ವಾಪಸು ಬರುವಾಗ ನಾನೊಬ್ಬಳೇ. ಬೇರೆ ಕಂಪನಿಯ ಅಗ್ಗದ ಟಿಕೆಟ್ಟು, ನಡುವೆ ಒಂದು ಕಡೆ ಇಳಿದು ಹತ್ತುವುದು, ಎರಡೂ ವಿಮಾನದಲ್ಲಿ ನಡುವಿನ ಸೀಟು. ಮುಂದಿನವನು ಸೀಟು ಹಿಂದಕ್ಕೆ ಬಿಟ್ಟ, ನನ್ನ ಮೊಣಕಾಲಿಗೆ ಬಂತು. ಇಳಿಯುವಾಗ ಚಪ್ಪಲಿಗೆ ಕಾಲು ಹೋಗಲಿಲ್ಲ, ಅಷ್ಟು ಊದಿತ್ತು. ಎರಡು ದಿನಕ್ಕೆ ಸರಿಯಾಯಿತು. ದೂರು ಅಲ್ಲ ಇದು, ನಾನು ಚಿಕ್ಕವಳು, ಎದ್ದು ನಾಲ್ಕು ಹೆಜ್ಜೆ ನಡೆದೆ. ಆದರೆ ಕತ್ತಲಲ್ಲಿ ಹಾಗೆ ಮಡಚಿಕೊಂಡು ಕೂತಾಗ ನೆನಪಾದದ್ದು ನೀವು, ಅಪ್ಪಯ್ಯ. ತೀರ್ಥಹಳ್ಳಿಯಲ್ಲಿ ನೈಟ್ ಹಾಲ್ಟ್ ಇದ್ದಾಗ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗುತ್ತಿದ್ದಿರಿ. ನಿಮ್ಮಷ್ಟು ಎತ್ತರದವರಿಗೆ ಅದು ಉದ್ದವಾ? ಮುಂಜಾನೆ ಐದಕ್ಕೆ ಎದ್ದು ಮತ್ತೆ ಸ್ಟೇರಿಂಗ್. ಇಪ್ಪತ್ತೆಂಟು ವರ್ಷ. ಈಗ ಮೊಣಕಾಲು ಹೋಗಿದ್ದಕ್ಕೆ ವಯಸ್ಸಾಯಿತು ಎನ್ನುತ್ತೀರಿ. ನಾನು ನರ್ಸ್, ನನ್ನ ಹತ್ತಿರ ಹೇಳಬೇಡಿ.

ಕಳೆದ ಸಲ ಬೆಂಗಳೂರಿಗೆ ಕಾಲು ತೋರಿಸಲು ಹೋದಾಗ ಸ್ಲೀಪರ್ ಬಸ್ಸಿಗೆ ಮುನ್ನೂರು ಜಾಸ್ತಿ ಎಂದು ಸೀಟಿನ ಬಸ್ಸಿನಲ್ಲಿ ಕೂತು ಹೋದಿರಂತೆ. ತಂಗಿ ಹೇಳಿದಳು, ಅವಳನ್ನು ಬೈಯಬೇಡಿ. ಫೆಬ್ರವರಿಯಲ್ಲಿ ಮತ್ತೆ ಹೋಗಬೇಕಲ್ಲ, ನಾನು ಟಿಕೆಟ್ ತೆಗೆದಾಗಿದೆ. ಪಂಚಗಂಗಾ ಎಕ್ಸ್‌ಪ್ರೆಸ್, ಸೆಕೆಂಡ್ ಎಸಿ, ನಿಮಗೆ ಅಮ್ಮನಿಗೆ ಇಬ್ಬರಿಗೂ ಲೋಯರ್ ಬರ್ತ್. ಹೋಗುವುದಕ್ಕೂ ಬರುವುದಕ್ಕೂ. ಮೂಡ್ಲಕಟ್ಟೆ ಸ್ಟೇಷನ್ನಿಗೆ ತಂಗಿ ರಿಕ್ಷಾ ಹೇಳುತ್ತಾಳೆ. ದಿಂಬು, ಕಂಬಳಿ, ಬೆಡ್‌ಶೀಟು ಅವರೇ ಕೊಡುತ್ತಾರೆ, ಮನೆಯಿಂದ ಹೊರಬೇಡಿ. ಟಿಕೆಟ್ಟಿನ ನಕಲು ಇದೇ ಕವರಿನಲ್ಲಿದೆ. ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸು ಬರುವುದಿಲ್ಲ. ಇದು ನಿಜವೋ ಸುಳ್ಳೋ ಎಂದು ಸ್ಟೇಷನ್ನಿಗೆ ಹೋಗಿ ವಿಚಾರಿಸಬೇಡಿ.

ಜೊತೆಗೆ ಒಂದು ಚೀಲ ಇದೆ. ಖರ್ಜೂರ ಎಲ್ಲರಿಗೂ, ಚಿಕ್ಕಮ್ಮನಿಗೂ ಒಂದು ಪೊಟ್ಟಣ ಕೊಡಿ. ಬುಲ್ಗರಿ ಎಂದು ಬರೆದ ಸಣ್ಣ ಚೀಲ ತಂಗಿಗೆ, ಒಳಗೆ ಕ್ರೀಮು, ಬಾಚಣಿಗೆ ಇದೆ. ಬೂದು ಬಣ್ಣದ ಮೆತ್ತನೆ ಅಂಗಿ ಪೈಜಾಮ ದಾದಿಗೆ ವಿಮಾನದಲ್ಲಿ ಕೊಟ್ಟದ್ದು, ಅವರು ಕಟ್ಟೇ ಬಿಚ್ಚಲಿಲ್ಲ, ನಿನ್ನ ಅಪ್ಪನಿಗೆ ಕಳಿಸು ಎಂದು ನನ್ನ ಕೈಗೆ ಕೊಟ್ಟರು. ಅಪ್ಪಯ್ಯ ಲುಂಗಿ ಬಿಟ್ಟು ಬೇರೆ ಉಡುವವರಲ್ಲ ಎಂದು ಹೇಳಿದೆ. ಕೇಳಲಿಲ್ಲ. ರೈಲಿನಲ್ಲಾದರೂ ಹಾಕಿ, ತಂಗಿ ಫೋಟೋ ತೆಗೆದು ಕಳಿಸಲಿ. ಸ್ಟೇಟಸ್‌ಗೆ ಹಾಕುವುದಿಲ್ಲ.

ನಾಳೆಯಿಂದ ಹೊಸ ಮನೆ, ಹೊಸ ರೋಗಿ. ಹಾಸಿಗೆ ಹಿಡಿದ ಗಂಡಸು, ತೂಕ ಜಾಸ್ತಿಯಂತೆ. ಬೆನ್ನಿಗೆ ಬೆಲ್ಟು ತಂದಿಟ್ಟಿದ್ದೇನೆ.

ಇಂತಿ,
ನಿಮ್ಮ ದೊಡ್ಡ ಮಗಳು