ಪಿಕಪ್ ಎತ್ತರಿಸುವವರು ಹಿಂದಿನ ಶಾಕ್ ಮರೆಯಬಾರದು

ಮಾನ್ಯ ಸಂಪಾದಕರೇ,

ಪಿಕಪ್ ಗಾಡಿಗಳನ್ನು ಎತ್ತರಿಸುವ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಟೈರು, ಬಂಪರ್, ನೆಲದಿಂದ ಎಷ್ಟು ಎತ್ತರ ಸಿಗುತ್ತದೆ ಎಂಬುದೆಲ್ಲ ಚೆನ್ನಾಗಿ ಬಂದಿದೆ. ಆದರೆ ಹಿಂದಿನ ಚಕ್ರಗಳ ಶಾಕ್ ಅಬ್ಸಾರ್ಬರ್, ಅಂದರೆ ಗಾಡಿಯ ಕುಣಿತ ತಡೆಯುವ ಎಣ್ಣೆ ಕೊಳವೆಯ ಬಗ್ಗೆ ಇದ್ದದ್ದು ಒಂದೇ ಸಾಲು, ‘ಬೇಕಿದ್ದರೆ ಬದಲಾಯಿಸಬಹುದು’ ಅಂತ. ಆ ‘ಬೇಕಿದ್ದರೆ’ಯನ್ನು ನಂಬಿ ನಾನು ಪೆಟ್ಟು ತಿಂದಿದ್ದೇನೆ. ಅದಕ್ಕೇ ಈ ಪತ್ರ.

ನಾನು ಜೇನು ಸಾಕುವವನು. ಹೂವು ಎಲ್ಲಿ ಬಿಡುತ್ತದೋ ಅಲ್ಲಿಗೆ ಪೆಟ್ಟಿಗೆ ಸಾಗಿಸಬೇಕು. ಅದೂ ರಾತ್ರಿ ಹೊತ್ತು, ಹುಳಗಳೆಲ್ಲ ಗೂಡು ಸೇರಿದ ಮೇಲೆ. ಹೂವಿರುವ ಕಡೆ ಒಳ್ಳೆಯ ರಸ್ತೆ ಇರುವುದು ಕಡಿಮೆ. ಗಾಡಿಯ ಹೊಟ್ಟೆ ಕಲ್ಲಿಗೆ ತಾಗುತ್ತಿತ್ತು ಅಂತ ಎರಡು ಇಂಚು ಎತ್ತರಿಸಿದೆ. ಹಿಂದಕ್ಕೆ ಹೊಸ ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದು) ಸೆಟ್ ಹಾಕಿಸಿದೆ. ಪ್ಲೇಟುಗಳು ಜಾಸ್ತಿ, ಬಾಗೂ ಜಾಸ್ತಿ. ಶಾಕ್ ಮಾತ್ರ ಹಳೆಯದೇ ಉಳಿಯಿತು. ‘ಲೀಕ್ ಆಗಿಲ್ಲ ಅಲ್ವಾ ಸಾರ್, ಇರಲಿ ಬಿಡಿ’ ಅಂದರು ಮೆಕ್ಯಾನಿಕ್. ನಾನೂ ಸರಿ ಅಂದೆ.

ಮೊದಲ ಸಾಗಣೆಯಲ್ಲಿ ಇಪ್ಪತ್ತು ಪೆಟ್ಟಿಗೆ ತುಂಬಿದ್ದೆ. ಒಂದು ಗುಂಡಿ ದಾಟಿದರೆ ಹಿಂಭಾಗ ಒಂದು ಸಲ ಕುಣಿದು ನಿಲ್ಲುತ್ತಿರಲಿಲ್ಲ, ಮೂರು ನಾಲ್ಕು ಸಲ ಮೇಲೆ ಕೆಳಗೆ ಆಡುತ್ತಿತ್ತು. ಬೆಳಿಗ್ಗೆ ಪೆಟ್ಟಿಗೆ ಮುಚ್ಚಳ ತೆಗೆದೆ. ಹೊಸದಾಗಿ ಕಟ್ಟಿದ ಎರಿಗಳು ಚೌಕಟ್ಟಿನಿಂದ ಕಳಚಿ ಒಂದರ ಮೇಲೊಂದು ಬಿದ್ದಿದ್ದವು. ಜೇನುತುಪ್ಪ ತಳದ ಹಲಗೆಗೆ ಇಳಿದು, ಅದರಲ್ಲಿ ಹುಳಗಳು ರೆಕ್ಕೆ ಅಂಟಿಕೊಂಡು ಸತ್ತಿದ್ದವು. ಆರು ಪೆಟ್ಟಿಗೆಯಲ್ಲಿ ಇದೇ ಕಥೆ. ವಾಪಸ್ ಬರುವಾಗ ಗಾಡಿ ಖಾಲಿ. ಅಲೆಅಲೆಯಾಗಿದ್ದ ಮಣ್ಣು ರಸ್ತೆಯ ಒಂದು ತಿರುವಿನಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟು ಪಕ್ಕಕ್ಕೆ ಜಿಗಿದವು. ಎದುರಿಗೆ ಯಾರೂ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಮೈ ಜುಮ್ಮೆನ್ನುತ್ತದೆ.

ಮನೆಗೆ ಬಂದು ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಶಾಕ್‌ನ ಮೇಲಿನ ಕಣ್ಣಿನ (ಬೋಲ್ಟ್ ತೂರಿಸುವ ಉಂಗುರದ) ಒಳಗಿನ ರಬ್ಬರ್ ಬುಷ್ ಗುಂಡಗಿರಲಿಲ್ಲ, ಎಳೆದೆಳೆದು ಮೊಟ್ಟೆ ಆಕಾರಕ್ಕೆ ಬಂದಿತ್ತು. ರಾಡ್ ಹೊರಬರುವ ಜಾಗದಲ್ಲಿ ಎಣ್ಣೆ ಒಸರಿ, ಧೂಳು ಹಿಡಿದು ಕಪ್ಪು ಉಂಗುರವಾಗಿತ್ತು. ಹಿಂದಿನ ಚಕ್ರಗಳ ಆಕ್ಸಲ್ (ಅಚ್ಚು) ತೀರಾ ಮೇಲೆ ಬಂದು ಗಾಡಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್ ಮೇಲೆ ಮಾತ್ರ ಒಂದು ಗೀರೂ ಇಲ್ಲ. ಅಂದರೆ ಶಾಕ್ ಪೆಟ್ಟು ತಿಂದದ್ದು ಒತ್ತಿಕೊಳ್ಳುವಾಗ ಅಲ್ಲ, ಹಿಗ್ಗುವಾಗ.

ಟೇಪ್ ಹಿಡಿದು ಅಳೆದೆ. ಹಳೆಯ ಶಾಕ್ ಕಣ್ಣಿನಿಂದ ಕಣ್ಣಿಗೆ ಪೂರ್ತಿ ಒತ್ತಿದಾಗ 34 ಸೆಂಟಿಮೀಟರ್, ಪೂರ್ತಿ ಹಿಗ್ಗಿದಾಗ 53. ಹೊಸ ಸ್ಪ್ರಿಂಗ್ ಮೇಲೆ ಖಾಲಿ ಗಾಡಿ ನಿಂತಾಗಲೇ ಶಾಕ್ 50ಕ್ಕೆ ಬಂದಿತ್ತು. ಕೆಳಗೆ ಇಳಿಯಲು ಉಳಿದದ್ದು 3 ಸೆಂಟಿಮೀಟರ್. ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು, ಶಾಕ್ ಬಿಚ್ಚಿ, ಆಕ್ಸಲ್ ಕೆಳಗೆ ಜೋತಾಡಲು ಬಿಟ್ಟರೆ ಸ್ಪ್ರಿಂಗ್ 55ರವರೆಗೆ ಇಳಿಯುತ್ತಿತ್ತು. ಅಂದರೆ ಪ್ರತಿ ಗುಂಡಿಯಲ್ಲೂ ಆಕ್ಸಲ್‌ನ ಅಷ್ಟೂ ಭಾರ ಶಾಕ್‌ನ ತುದಿಗೆ ಜೋತು ಬೀಳುತ್ತಿತ್ತು. ಚಕ್ರ ನೆಲ ಬಿಡದೆ ಇನ್ನೇನು ಮಾಡೀತು?

ಎರಡನೇ ತಪ್ಪು ನನ್ನದೇ. ಸಿಟ್ಟಿನಲ್ಲಿ ಸಿಕ್ಕಿದ್ದರಲ್ಲೇ ಉದ್ದದ, ಬಿಗಿಯಾದ ಶಾಕ್ ತಂದು ಹಾಕಿಸಿದೆ. ಹಿಗ್ಗಿದಾಗ 68, ಒತ್ತಿದಾಗ 41. ನನ್ನ ಗಾಡಿಯಲ್ಲಿ ಆಕ್ಸಲ್ ಬಂಪ್ ಸ್ಟಾಪ್ ಅನ್ನು ಪೂರ್ತಿ ಅದುಮಿದಾಗ ಉಳಿಯುವ ಜಾಗ 36 ಸೆಂಟಿಮೀಟರ್. ಹಾಗಾಗಿ ಭಾರ ಹೇರಿ ಹಳ್ಳ ಇಳಿದ ಮೊದಲ ದಿನವೇ ಶಾಕ್ ಒಳಗೇ ತಳ ಹೊಡೆದು ರಾಡ್ ಬಾಗಿತು. ಎರಡು ಇಂಚು ಎತ್ತರಿಸಿದರೂ ಬಂಪ್ ಸ್ಟಾಪ್ ಇದ್ದಲ್ಲೇ ಇರುತ್ತದೆ, ಒತ್ತಿದ ಅಳತೆ ಬದಲಾಗುವುದಿಲ್ಲ. ಇದು ಎಷ್ಟು ಸರಳ, ಆದರೂ ನನಗೆ ಹೊಳೆಯಲಿಲ್ಲ, ಮಾರಿದವರೂ ಹೇಳಲಿಲ್ಲ.

ಉದ್ದದ ಜೊತೆಗೆ ಬಿಗಿತವೂ ಹೊಂದಬೇಕು. ಭಾರ ಹೊರುವುದು ಸ್ಪ್ರಿಂಗ್. ಶಾಕ್‌ನ ಕೆಲಸ ಬೇರೆ. ಒಳಗಿನ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ಹಾಯಿಸಿ, ಸ್ಪ್ರಿಂಗ್‌ನ ಕುಣಿತದ ಶಕ್ತಿಯನ್ನು ಬಿಸಿಯಾಗಿ ಮಾಡಿ ಕಳೆಯುತ್ತದೆ. ಗಟ್ಟಿ ಸ್ಪ್ರಿಂಗ್ ಜೋರಾಗಿ ವಾಪಸ್ ಒದೆಯುತ್ತದೆ. ಹಳೆಯ ಶಾಕ್‌ಗೆ ಆ ಒದೆತ ಹಿಡಿಯುವ ಶಕ್ತಿ ಇರುವುದಿಲ್ಲ. ಹಾಗಂತ ಅತಿ ಬಿಗಿ ಹಾಕಿದರೂ ಕಷ್ಟ. ಒಂದು ಉಬ್ಬಿನಿಂದ ಸ್ಪ್ರಿಂಗ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಗಾಡಿ ಸ್ವಲ್ಪ ಸ್ವಲ್ಪವೇ ಕುಸಿಯುತ್ತಾ ಹೋಗಿ ಕೊನೆಗೆ ಕಲ್ಲಿನಂತೆ ಬಡಿಯುತ್ತದೆ. ಅದೇ ಭಾರಕ್ಕೆ ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಶಾಕ್‌ನ ಹಿಡಿತ ಸುಮಾರು 1.4 ಪಟ್ಟು ಸಾಕು, ಎರಡು ಪಟ್ಟು ಬೇಡ. ಇದು ವರ್ಗಮೂಲದ ಲೆಕ್ಕ.

ಇನ್ನೊಂದು ಮಾತು ನನಗೆ ವಯಸ್ಸಾದ ಒಬ್ಬ ಲಾರಿ ಮೇಸ್ತ್ರಿಯಿಂದ ತಿಳಿಯಿತು. ಪ್ಲೇಟುಗಳು ಒಂದಕ್ಕೊಂದು ಉಜ್ಜುವುದರಿಂದಲೇ ಲೀಫ್ ಸ್ಪ್ರಿಂಗ್ ತನ್ನ ಕುಣಿತವನ್ನು ತಾನೇ ಒಂದಿಷ್ಟು ತಡೆಯುತ್ತದೆ. ಪ್ಲೇಟು ಕಡಿಮೆ ಇರುವ ಪ್ಯಾರಾಬೋಲಿಕ್ ಸ್ಪ್ರಿಂಗ್‌ನಲ್ಲಿ ಆ ಉಜ್ಜಾಟ ಕಡಿಮೆ. ಹಾಗಾಗಿ ಶಾಕ್ ಮೇಲೆ ಕೆಲಸ ಜಾಸ್ತಿ ಬೀಳುತ್ತದೆ. ಸ್ಪ್ರಿಂಗ್ ಯಾವ ಬಗೆಯದು ಅಂತ ಕೇಳದೆ ಶಾಕ್ ಕೊಡುವವರಿಂದ ನಾನು ಈಗ ಏನೂ ಕೊಳ್ಳುವುದಿಲ್ಲ.

ಎತ್ತರಿಸಿದ ಬಗೆಯೂ ಮುಖ್ಯ. ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಬ್ಲಾಕ್ ಇಟ್ಟರೆ ಸ್ಪ್ರಿಂಗ್‌ನ ಗಟ್ಟಿತನ ಬದಲಾಗುವುದಿಲ್ಲ, ಶಾಕ್‌ನ ಉದ್ದ ನೋಡಿಕೊಂಡರೆ ಬಹುತೇಕ ಸಾಕು. ಒಂದು ಪ್ಲೇಟು ಸೇರಿಸಿದರೆ ಎತ್ತರ, ಗಟ್ಟಿತನ ಎರಡೂ ಏರುತ್ತವೆ. ನಾನು ಗಟ್ಟಿ ಸೆಟ್ ಆರಿಸಿದ್ದು ಪೂರ್ತಿ ಲೋಡು ನೋಡಿ. ಆದರೆ ಪೂರ್ತಿ ಲೋಡು ನನಗೆ ತಿಂಗಳಿಗೆ ನಾಲ್ಕು ದಿನ. ಉಳಿದ ದಿನ ಗಾಡಿಯಲ್ಲಿ ಇರುವುದು ಹೊಗೆ ಡಬ್ಬಿ, ನಾಲ್ಕು ಖಾಲಿ ಚೌಕಟ್ಟು, ಅಷ್ಟೇ. ಕೊನೆಗೆ ಆ ಸೆಟ್‌ನಿಂದ ಒಂದು ಪ್ಲೇಟು ತೆಗೆಸಿದೆ. ಅರ್ಧ ಇಂಚು ಎತ್ತರ ಹೋಯಿತು. ಹೋಗಲಿ.

ಮೂರನೇ ಸಲ ಮಾತ್ರ ಸರಿಯಾಗಿ ಮಾಡಿದೆ. ಗಾಡಿ ನಿಂತಾಗ, ಆಕ್ಸಲ್ ಜೋತುಬಿದ್ದಾಗ, ಪೂರ್ತಿ ಒತ್ತಿದಾಗ, ಮೂರೂ ಅಳತೆ ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋದೆ. 34.5ರಿಂದ 57 ಸೆಂಟಿಮೀಟರ್ ಅಳತೆಯ ಗ್ಯಾಸ್ ಶಾಕ್ ಸಿಕ್ಕಿತು. ಗ್ಯಾಸ್ ಇದ್ದರೆ ಎಣ್ಣೆ ಬೇಗ ನೊರೆಯಾಗುವುದಿಲ್ಲ, ಗಂಟೆಗಟ್ಟಲೆ ಕೆಟ್ಟ ರಸ್ತೆಯಲ್ಲಿ ಅದು ಬೇಕು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಹೊಸದಾಗಿ ಹಾಕಿಸಿದೆ. ಒಮ್ಮೆ ಬಿಗಿದು ಎಳೆದಾಡಿದ್ದನ್ನು ಮತ್ತೆ ಬಳಸಬಾರದು. ಬುಷ್‌ಗಳ ಬೋಲ್ಟ್ ಅನ್ನು ಗಾಡಿ ನೆಲದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಿಸಿದೆ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಶಾಕ್‌ನ ರಾಡ್‌ಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಸುತ್ತಿದೆ. ಶಾಕ್ ಒತ್ತಿದಷ್ಟೂ ಅದು ರಾಡ್ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಇಪ್ಪತ್ತು ಪೆಟ್ಟಿಗೆ ಹೇರಿ ಅದೇ ಹಳ್ಳ ಇಳಿದು ಬಂದು ನೋಡಿದರೆ ಟ್ಯಾಗ್ ತುದಿಗಿಂತ 3 ಸೆಂಟಿಮೀಟರ್ ಹಿಂದೆಯೇ ನಿಂತಿತ್ತು. ಮುಚ್ಚಳ ತೆಗೆದಾಗ ಎರಿಗಳೆಲ್ಲ ಚೌಕಟ್ಟಿನಲ್ಲೇ ಇದ್ದವು, ಹುಳಗಳು ಅದರ ಮೇಲೆ ಓಡಾಡಿಕೊಂಡಿದ್ದವು.

ನಿಮ್ಮ ಲೇಖಕರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಸಲ ಎತ್ತರಿಸುವ ಬಗ್ಗೆ ಬರೆಯುವಾಗ ಈ ಮೂರು ಅಳತೆಗಳ ಬಗ್ಗೆ ಬರೆಯಿರಿ. ಬ್ರೇಕ್ ಬಗ್ಗೆಯೂ ಬರೆಯಿರಿ, ಅದು ಇನ್ನೂ ಮುಖ್ಯ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್ ಮೇಲಿನ ಬ್ರೇಕ್ ವಾಲ್ವ್‌ಗೆ ಒಂದು ಸಣ್ಣ ಸರಳು ಇರುತ್ತದೆ. ಗಾಡಿ ಎಷ್ಟು ತಗ್ಗಿದೆ ಎಂಬುದರ ಮೇಲೆ ಭಾರ ಅಳೆದು, ಹಿಂದಿನ ಬ್ರೇಕ್‌ಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ನಿರ್ಧರಿಸುತ್ತದೆ. ಎತ್ತರಿಸಿದ ಮೇಲೆ ಅದನ್ನು ಮತ್ತೆ ಹೊಂದಿಸದಿದ್ದರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಅಂತಲೇ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ನನ್ನ ಗಾಡಿಯಲ್ಲಿ ಆ ಸರಳನ್ನು ಐದು ತಿಂಗಳು ಯಾರೂ ಮುಟ್ಟಿರಲಿಲ್ಲ.

ಇಂತಿ,
ಜೇನು ಸಾಕುವ ನಿಮ್ಮ ಓದುಗ