ಮಳೆಗಾಲದಲ್ಲಿ ಒಮ್ಮೆ ಬನ್ನಿ, ಹಳ್ಳ ದಾಟಿಸುತ್ತೇವೆ

ಸಂಪಾದಕರೇ, ನಮಸ್ಕಾರ.

ಊರಲ್ಲಿ ಮತ್ತೆ ಪಂಚಾಯಿತಿ ಚುನಾವಣೆಯ ಮಾತು ಜೋರಾಗಿದೆ. ಸೊಸೈಟಿ ಕಟ್ಟೆ, ಚಾ ಅಂಗಡಿ, ಮದುವೆ ಮನೆ, ಎಲ್ಲಿ ಹೋದರೂ ಯಾರು ನಿಲ್ಲುತ್ತಾರೆ, ಯಾವ ವಾರ್ಡಿಗೆ ಯಾವ ಮೀಸಲಾತಿ ಎಂಬುದೇ ಚರ್ಚೆ. ನನಗೆ ಬಹಳ ದಿನದಿಂದ ಹೇಳಬೇಕು ಅನಿಸಿದ ಒಂದು ವಿಷಯವಿದೆ, ಅದಕ್ಕೇ ಈ ಪತ್ರ.

ನಮ್ಮದು ಉತ್ತರ ಕನ್ನಡ ಜಿಲ್ಲೆ, ಶಿರಸಿ ತಾಲ್ಲೂಕಿನ ಮೂಲೆಯ ಒಂದು ಕೇರಿ. ಒಂಬತ್ತು ಮನೆ. ಡಾಂಬರು ರಸ್ತೆಗೂ ನಮಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಚಪ್ಪಲಿ ಒದ್ದೆಯಾಗದ ಹಾಗೆ ಕಲ್ಲಿನ ಮೇಲೆ ಕಾಲಿಟ್ಟು ದಾಟಬಹುದು. ಜೂನ್ ಅರ್ಧ ಕಳೆಯಿತು ಅಂದರೆ ಅದೇ ಹಳ್ಳ ಕೆಂಪು ನೀರು ತುಂಬಿ ಭೋರ್ಗರೆಯುತ್ತದೆ, ರಾತ್ರಿ ಮನೆಯೊಳಗೆ ಮಲಗಿದರೂ ಸದ್ದು ಕೇಳುತ್ತದೆ. ಆಗ ನಮಗೆ ಇರುವುದು ಕಾಲುಸಂಕ ಒಂದೇ. ಮೂರು ಅಡಿಕೆ ಮರ ಅಡ್ಡ ಹಾಕಿ, ಮೇಲೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಬಡಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ ಕಟ್ಟುತ್ತೇವೆ. ಪ್ರತಿ ವರ್ಷ ಮೇ ಕೊನೆಗೆ ಮನೆಗೊಬ್ಬರು ಸೇರಿ ಮಾಡುವ ಕೆಲಸ ಇದು. ನಾಲ್ಕು ಮಳೆ ಬೀಳುವಷ್ಟರಲ್ಲಿ ದಬ್ಬೆಗೆ ಪಾಚಿ ಹಿಡಿಯುತ್ತದೆ. ಗೋಣಿ ಚೀಲ ಸುತ್ತಿದರೂ ಜಾರುತ್ತದೆ. ಶಾಲೆ ಮಕ್ಕಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಬ್ಯಾಗನ್ನು ದೊಡ್ಡವರ ಹತ್ತಿರ ಕೊಟ್ಟು, ಒಬ್ಬರಾದ ಮೇಲೆ ಒಬ್ಬರು ದಾಟುತ್ತಾರೆ. ಕೊನೆಯ ಮಗು ಆಚೆ ದಡ ಮುಟ್ಟುವ ತನಕ ತಾಯಂದಿರು ಈಚೆಯೇ ನಿಂತಿರುತ್ತಾರೆ.

ಈಗ ಚುನಾವಣೆಯ ದಿನಗಳನ್ನು ನೋಡಿ. ವಿಧಾನಸಭೆಗೆ ಮತ ಹಾಕಿದ್ದು 2018ರ ಮೇ 12 ಮತ್ತು 2023ರ ಮೇ 10. ಲೋಕಸಭೆಗೆ 2019ರ ಏಪ್ರಿಲ್ 23 ಮತ್ತು 2024ರ ಮೇ 7. ಎಲ್ಲವೂ ಕಡು ಬೇಸಿಗೆ. ಗ್ರಾಮ ಪಂಚಾಯಿತಿಗೆ ಮತ ಹಾಕಿದ್ದು 2020ರ ಡಿಸೆಂಬರ್‌ನಲ್ಲಿ, ಆಗಲೂ ಹಳ್ಳದಲ್ಲಿ ನೀರು ಮೊಣಕಾಲಿಗಿಂತ ಕೆಳಗೆ. ಮತ ಕೇಳಲು ಬಂದವರು ಒಬ್ಬರೂ ನಮ್ಮ ಹಳ್ಳವನ್ನು ಹಳ್ಳವಾಗಿ ನೋಡಿಲ್ಲ. ಕಾರು ಆಚೆ ನಿಲ್ಲಿಸಿ, ಕಲ್ಲಿನ ಮೇಲೆ ನಡೆದು ಬರುತ್ತಾರೆ. ಮನೆಗೆ ಬಂದವರಿಗೆ ಕುಡಿಯಲು ಆಸರಿಗೆ ಕೊಡುತ್ತೇವೆ, ಎಲೆ ಅಡಿಕೆಯ ಕವಳದ ಬಟ್ಟಲು ಮುಂದಿಡುತ್ತೇವೆ. ಸಂಕದ ವಿಷಯ ಹೇಳಿದರೆ ‘ಖಂಡಿತ ಮಾಡಿಸುವಾ’ ಎನ್ನುತ್ತಾರೆ. ಆ ಮಾತು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಒಣಗಿದ ಹಳ್ಳದ ದಡದಲ್ಲಿ ನಿಂತು ಹೇಳಿದ ಮಾತು ಆಷಾಢದ ತನಕ ಯಾರಿಗೆ ನೆನಪಿರುತ್ತದೆ?

ನಮ್ಮ ಜಿಲ್ಲೆಯ ಕಷ್ಟವೆಲ್ಲ ಬರುವುದೇ ಮಳೆಗಾಲದಲ್ಲಿ ಅಲ್ವಾ? 2024ರಲ್ಲಿ ಮೇ 7ಕ್ಕೆ ಮತ ಹಾಕಿದೆವು. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಗಂಗಾವಳಿ ನದಿಯಲ್ಲಿ ಬಿದ್ದ ಲಾರಿಯನ್ನು ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ ಕೊನೆ ಬಂತು. ಮತ ಹಾಕಿ ಸರಿಯಾಗಿ ಮೂರು ತಿಂಗಳಿಗೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅದಕ್ಕೂ ಮೊದಲು 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್, ಮಳೆಯಲ್ಲಿ ಒದ್ದೆಯಾದ ಟೋಲ್ ಗೇಟಿನಲ್ಲಿ ಜಾರಿ ಹೊಡೆದಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಜಿಲ್ಲೆಗೇ ಒಂದು ದೊಡ್ಡ ಆಸ್ಪತ್ರೆ ಬೇಕು, ‘ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಕೂಗು ಜಿಲ್ಲೆಯಲ್ಲಿ ದೊಡ್ಡದಾಗಿ ಎದ್ದಿದ್ದು ಆಗಲೇ. ಮುಂದಿನ ಮೇ ತಿಂಗಳಿಗೆ ಚುನಾವಣೆ ಬಂತು. ಅಷ್ಟರಲ್ಲಿ ಆ ಕೂಗು ತಣ್ಣಗಾಗಿತ್ತು. ನಾನೂ ಹೋಗಿ ಮತ ಹಾಕಿ ಬಂದೆ.

ಒಂದು ಘಟನೆ ಹೇಳುತ್ತೇನೆ. 2023ರಲ್ಲಿ 80 ವರ್ಷ ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಮಾಡಿದ್ದರು. ನಮ್ಮ ಆಯಿಗೆ ಆಗ 83. ಅರ್ಜಿ ಕೊಟ್ಟೆವು. ಮೇ ಮೊದಲ ವಾರ ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೊ ಮಾಡುವವರು, ಎಲ್ಲರೂ ಹಳ್ಳ ದಾಟಿ ಬಂದರು. ಜಗಲಿಯ ಮೂಲೆಯಲ್ಲಿ ರಟ್ಟಿನ ಮರೆ ಇಟ್ಟು, ಆಯಿ ಗುರುತು ಹಾಕಿ ಕಾಗದ ಮಡಚುವ ತನಕ ತಾಳ್ಮೆಯಿಂದ ಕಾದರು. ಆಯಿಗೆ ಆ ದಿನ ಎಷ್ಟು ಖುಷಿಯಾಗಿತ್ತು ಅಂದರೆ, ಸಂಜೆ ತನಕ ಬಂದವರಿಗೆಲ್ಲ ಅದನ್ನೇ ಹೇಳಿದರು. ಒಬ್ಬ ಅಜ್ಜಿಯ ಒಂದು ಮತಕ್ಕೆ ಸರ್ಕಾರ ಇಷ್ಟು ದೂರ ನಡೆದು ಬಂತಲ್ಲ ಅಂತ ನನಗೂ ಹೆಮ್ಮೆಯಾಯಿತು, ಈಗಲೂ ಇದೆ.

ಅದೇ ವರ್ಷ ಜುಲೈನಲ್ಲಿ ಆಯಿಗೆ ಉಸಿರಾಟದ ತೊಂದರೆಯಾಯಿತು. ಆಂಬುಲೆನ್ಸ್ ಬಂತು, ಆದರೆ ಆಚೆ ದಡಕ್ಕೆ. ಆಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ಹಿಂದೊಬ್ಬರು ಮುಂದೊಬ್ಬರು ಹಿಡಿದು ಸಂಕ ದಾಟಿಸಿದೆವು. ಎರಡು ಕೈಯಲ್ಲೂ ಕುರ್ಚಿ ಇದ್ದಿದ್ದರಿಂದ ಗಳ ಹಿಡಿಯುವ ಹಾಗೂ ಇರಲಿಲ್ಲ. ಹಿಂದೆ ಇದ್ದವನು ನಾನು. ಕೆಳಗಿನ ನೀರನ್ನು ನೋಡಬಾರದು ಅಂತ ಆಯಿಯ ಬಿಳಿ ತಲೆಯನ್ನೇ ನೋಡುತ್ತಾ ನಡೆದೆ. ಆಯಿ ಉಳಿದರು.

ತಪ್ಪು ನಮ್ಮದೂ ಇದೆ, ಅದನ್ನೂ ಬರೆಯಬೇಕು. ಆರು ತಿಂಗಳಿಗೊಮ್ಮೆ ಗ್ರಾಮ ಸಭೆ ಆಗಬೇಕು. ಆದಾಗ ನಮ್ಮ ಕೇರಿಯಿಂದ ಹೋಗುವವರು ಇಬ್ಬರೋ ಮೂವರೋ. ನಾನು ಸಂಕಕ್ಕೆ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಪುಸ್ತಕದಲ್ಲಿ ಬರೆದುಕೊಂಡರು, ಅನುದಾನ ಇಲ್ಲ ಎಂದರು. ದೊಡ್ಡ ಕೆಲಸ, ಮೇಲೆ ಕೇಳಿ ಎಂದರು. ಮೇಲೆ ಅಂದರೆ ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಅಲ್ಲಿ ಸದಸ್ಯರ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮೊದಲಾದರೆ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ ಹೋಗಿ ಕೂತು ಕೇಳಬಹುದಿತ್ತು. ಈಗ ನಾವು ಕೇಳುವುದು ಕಚೇರಿಯ ಟಪಾಲು ಡಬ್ಬಿಯನ್ನು. ಈ ಎರಡು ಚುನಾವಣೆ ವರ್ಷಗಟ್ಟಲೆ ಮುಂದೆ ಹೋಗಿದ್ದಕ್ಕೆ ಯಾರೂ ಜಾಸ್ತಿ ಸಿಟ್ಟಾಗಲಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರ.

ಹಾಗಾಗಿ ನಿಲ್ಲಬೇಕು ಅಂತಿರುವವರಲ್ಲಿ, ಯಾವ ಪಕ್ಷವಾದರೂ ಸರಿ, ನನ್ನದೊಂದು ವಿನಂತಿ. ಜುಲೈನಲ್ಲಿ ಒಂದು ದಿನ ನಮ್ಮಂಥ ಕೇರಿಗಳಿಗೆ ಬನ್ನಿ. ಮೈಕು, ಕಾರ್ಯಕರ್ತರು ಬೇಡ, ಶಾಲೆ ಬಿಡುವ ಹೊತ್ತಿಗೆ ಬಂದರೆ ಸಾಕು. ಪಂಚಾಯಿತಿಯವರೂ ವಾರ್ಡ್ ಸಭೆಯನ್ನು ಮಳೆಗಾಲದಲ್ಲಿ ಒಮ್ಮೆ ಹಳ್ಳದ ಹತ್ತಿರವೇ ಕರೆಯಲಿ, ಒಂಬತ್ತು ಮನೆಯವರನ್ನೂ ಸೇರಿಸುವ ಜವಾಬ್ದಾರಿ ನನ್ನದು. ಸಂಪಾದಕರೇ, ನೀವೂ ಅಷ್ಟೆ, ಚುನಾವಣೆ ಸಮಯದಲ್ಲಿ ಜಿಲ್ಲೆಯ ಸುದ್ದಿ ಹಾಕುವಾಗ ಹಿಂದಿನ ಮಳೆಗಾಲದ ಫೋಟೊಗಳನ್ನು ಜೊತೆಗೆ ಹಾಕಿದರೆ ದೊಡ್ಡ ಉಪಕಾರ.

ಈ ವರ್ಷದ ಸಂಕಕ್ಕೆ ಮರ ಕಡಿದು ಇಟ್ಟಾಗಿದೆ. ಮೊಳೆ ತರಲು ನಾಳೆ ಪೇಟೆಗೆ ಹೋಗಬೇಕು. ಬರುವವರು ಚಪ್ಪಲಿ ಆಚೆ ದಡದಲ್ಲೇ ಬಿಟ್ಟು ಬನ್ನಿ, ಕೈ ಹಿಡಿದು ದಾಟಿಸಲು ನಾವಿದ್ದೇವೆ.

ಇಂತಿ,
ನಿಮ್ಮ ಓದುಗ, ಶಿರಸಿ ತಾಲ್ಲೂಕು