ಆ ಕಪ್ಪು ಉಸುಕು ಹಿತ್ತಲಿಗೆ ಬೇಡ

ಚಟ್ಟನೂಗಾ, ಟೆನೆಸ್ಸೀ

ಪ್ರೀತಿಯ ಅಣ್ಣ,

ನಮಸ್ಕಾರ. ಬೆಳಗಾವಿಯ ಉದ್ಯಮಬಾಗದ ಕಡೆಯಿಂದ ಫೌಂಡ್ರಿ ಉಸುಕು (ಲೋಹದ ಎರಕದ ಅಚ್ಚಿಗೆ ಬಳಸಿ ಬಿಟ್ಟದ್ದು) ಪುಕ್ಕಟೆ ಸಿಗುತ್ತದೆ, ಹಿತ್ತಲ ತಗ್ಗಿಗೆ ಹಾಕಿಸಲೇ ಎಂದು ನೀನು ಕೇಳಿದ್ದೆ. ಪರೀಕ್ಷೆ ಆಗುವ ತನಕ ಒಂದು ಟ್ರಾಲಿಯನ್ನೂ ಇಳಿಸಿಕೊಳ್ಳಬೇಡ.

ಈ ಊರಲ್ಲಿ ಆದದ್ದೂ ಇದೇ. ಎರಕದ ಹಳೇ ಉಸುಕನ್ನು ಮನೆಯಂಗಳಗಳಿಗೆ ತುಂಬಿದ್ದರು. 2011ರಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸ ಕಂಡಮೇಲೆ ಮಣ್ಣಿನ ತಪಾಸಣೆ ಶುರುವಾಯಿತು; 2018ರಲ್ಲಿ ಈ ಬಡಾವಣೆಗಳು ಸೂಪರ್‌ಫಂಡ್ ಪಟ್ಟಿ, ಅಂದರೆ ಅಮೆರಿಕ ಸರಕಾರ ಶುಚಿಗೊಳಿಸಬೇಕಾದ ವಿಷಮಯ ಜಾಗಗಳ ಪಟ್ಟಿ, ಸೇರಿದವು. ಕಿಲೋ ಮಣ್ಣಿಗೆ 360 ಮಿಲಿಗ್ರಾಂ ಸೀಸ ದಾಟಿದರೆ ಅಂಗಳ ಅಗೆಯಬೇಕೆಂದು ಆಮೇಲೆ ಗೊತ್ತುಪಡಿಸಿದರು.

ಅಗೆಯುವುದು ಸುಲಭ, ಅಳೆಯುವುದೇ ಕಷ್ಟ. ಆಟದ ಜಾಗ, ಕಾಯಿಪಲ್ಲೆ ಮಡಿ, ಗೋಡೆಯಂಚು ಇವುಗಳ ಮಣ್ಣನ್ನು ಬೇರೆಬೇರೆ ತೆಗೆಯಬೇಕು. ಗೋಡೆಯಂಚಿನ ಸೀಸ ಹಳೇ ಬಣ್ಣದ್ದೂ ಇರಬಹುದು. ಮಣ್ಣನ್ನು ಒಣಗಿಸಿ 150 ಮೈಕ್ರಾನ್ ಜರಡಿ ಹಿಡಿಯಬೇಕು, ಮಕ್ಕಳ ಕೈಗೆ ಅಂಟುವುದು ಆ ನುಣುಪು ಧೂಳೇ. ತೇವ ಶೇ. 20 ದಾಟಿದರೆ ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ಕಿರಣ ಬಿಟ್ಟು ಮಣ್ಣಿನ ಲೋಹ ಅಳೆಯುವುದು) ಸೀಸವನ್ನು ಕಡಿಮೆ ತೋರಿಸುತ್ತದೆ. ಸೀಸ ಜಾಸ್ತಿ ಇದ್ದಲ್ಲಿ ಅದರ ಆರ್ಸೆನಿಕ್ ಅಂಕಿಯನ್ನೂ ನಂಬಬೇಡ: ಎರಡೂ ಹೊಮ್ಮಿಸುವ ಎಕ್ಸ್-ಕಿರಣದ ಗೆರೆಗಳು ಯಂತ್ರದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಒಂದಷ್ಟು ಮಾದರಿ ಲ್ಯಾಬಿಗೆ ಹೋಗಲೇಬೇಕು.

ಸಾಮಾನ್ಯವಾಗಿ 2 ಅಡಿ ತನಕ ತೆಗೆಯುತ್ತಾರೆ. ಬುನಾದಿ, ಮರದ ಬೇರುಗಳ ಹತ್ತಿರ ಜೆಸಿಬಿ ನಡೆಯದು, ಸಲಿಕೆಯೇ ಗತಿ. ಧೂಳು ಏಳದಷ್ಟು ನೀರು ಚಿಮುಕಿಸಬೇಕು. ಹೆಚ್ಚಾದರೆ ರಾಡಿಯಾಗಿ ಲಾರಿ ಟಯರಿಗೆ ಹತ್ತಿ ಬೀದಿಗೆಲ್ಲ ಹರಡುತ್ತದೆ. ತಳದಲ್ಲಿ ಇನ್ನೂ ಸೀಸ ಉಳಿದಿದ್ದರೆ ಮುಂದೆ ಅಗೆಯುವವರಿಗೆ ಗೊತ್ತಾಗಲೆಂದು ಕಿತ್ತಳೆ ಬಣ್ಣದ ಜಾಲರಿ ಹಾಸಿ, ಮೇಲೆ ಹೊಸ ಮಣ್ಣು ತುಂಬುತ್ತಾರೆ. ಆ ಹೊಸ ಮಣ್ಣನ್ನೂ ಪರೀಕ್ಷಿಸಬೇಕು, ಅವಸರದಲ್ಲಿ ತಪ್ಪಿಹೋಗುವುದು ಅದೇ.

ಅಗೆದ ಮಣ್ಣನ್ನು ಆಮ್ಲದ ದ್ರಾವಣದಲ್ಲಿ 18 ತಾಸು ತಿರುಗಿಸಿ ನೋಡುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಸೀಸ ಬಿಟ್ಟುಕೊಟ್ಟರೆ ಅದು ಅಪಾಯಕಾರಿ ತ್ಯಾಜ್ಯ. ಫಾಸ್ಫೇಟ್ ಇಲ್ಲವೇ ಸಿಮೆಂಟ್ ಬೆರೆಸಿದರೆ ಸೀಸ ಕರಗದಂತೆ ಕಟ್ಟಿಕೊಳ್ಳುತ್ತದೆ, ಮಾಯವೇನೂ ಆಗುವುದಿಲ್ಲ.

ನಿನಗೆ ಸಿಗುವ ಉಸುಕಿನ ಬಣ್ಣ ನೋಡಿ ಏನೂ ತಿಳಿಯದು. ಕಪ್ಪು ಬರುವುದು ಕಲ್ಲಿದ್ದಲ ಪುಡಿಯಿಂದ. ಏನನ್ನು ಎರಕ ಹೊಯ್ಯುತ್ತಿದ್ದರು ಎಂದು ಕೇಳು. ಬರೀ ಬೀಡು ಕಬ್ಬಿಣವಾದರೆ ಆ ಆಮ್ಲದ ಪರೀಕ್ಷೆಯಲ್ಲಿ ಉಸುಕು ಬಹುತೇಕ ಪಾಸಾಗುತ್ತದೆ. ಸೀಸ ಬೆರೆಸಿದ ಹಿತ್ತಾಳೆ, ಕಂಚಿನ ಬುಷ್ ಮಾಡಿದ್ದರೆ ಮುಟ್ಟಲೇಬೇಡ. ಕುಲುಮೆಯ ಫಿಲ್ಟರ್ ಧೂಳನ್ನು ಅದೇ ಗುಡ್ಡೆಗೆ ಸುರಿಯುತ್ತಿದ್ದರಾ ಅಂತಲೂ ವಿಚಾರಿಸು. ಪಾಸಾದ ಉಸುಕನ್ನೂ ಕೆಡಿಸುವುದು ಅದು. ಪಾಸಾದರೂ ಅದು ರಸ್ತೆಯಡಿಗೆ ಸರಿ, ಅವ್ವನ ಮೆಂತ್ಯದ ಮಡಿಗಲ್ಲ.

ತಗ್ಗಿಗೆ ಗರಸು ಹಾಕಿಸು, ದುಡ್ಡು ನಾನು ಕಳಿಸುತ್ತೇನೆ.

ನಿನ್ನ ತಮ್ಮ